ಪ್ರತಿ ಸಲ ಊರು, ಜನ, ಕಥೆ ಎಲ್ಲ ಬದಲಾಗುತ್ತೆ. ಆದ್ರೂ ಫೈನಲ್ ಫ್ಯಾಂಟಸಿ ಬಿಡೋಕೆ ಆಗ್ತಿಲ್ಲ, ಯಾಕೆ?

ಅರಸೀಕೆರೆ_ಜಂಕ್ಷನ್

ಹೋದ ಭಾನುವಾರ ತಂಗಿ ಮನೆಗೆ ಬಂದಿದ್ದಳು. ನಾನು ಫೈನಲ್ ಫ್ಯಾಂಟಸಿ 16 ವಿಡಿಯೋ ಗೇಮ್ ಹಾಕಿಕೊಂಡು ಕೂತಿದ್ದೆ. ಸ್ವಲ್ಪ ಹೊತ್ತು ನೋಡಿ, "ಇದು ನೀನು ಹೈಸ್ಕೂಲಲ್ಲಿ ಆಡ್ತಿದ್ದ ಆಟದ ಮುಂದಿನ ಭಾಗಾನಾ ಅಣ್ಣಾ?" ಅಂದಳು. ಹೆಸರು ಅದೇ, ಕಥೆ ಬೇರೆ ಅಂದೆ. ಅದೇ ಜನ ಇದ್ದಾರಾ? ಇಲ್ಲ. ಅದೇ ಊರಾ? ಅಲ್ಲ. ಆಡೋ ರೀತಿಯಾದ್ರೂ ಅದೇನಾ? ಅದೂ ಅಲ್ಲ. ಆಗ ನಮ್ಮ ಸರದಿ ಬರೋವರೆಗೆ ಕಾಯಬೇಕಿತ್ತು, ಈಗ ಕತ್ತಿ ಬೀಸ್ತಾನೇ ಇರಬೇಕು. "ಮತ್ತೆ ಇಷ್ಟು ವರ್ಷದಿಂದ ಏನನ್ನ ಆಡ್ತಿದ್ದೀಯ ನೀನು?" ಅಂತ ಕೇಳಿ ಕಾಫಿ ಮಾಡೋಕೆ ಎದ್ದು ಹೋದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವತ್ತಿಂದ ಇದೇ ತಲೆ ಕೊರೆಯುತ್ತಿದೆ. ಮೊದಲ ಆಟ ಜಪಾನಿನಲ್ಲಿ ಬಂದಿದ್ದು 1987ರ ಡಿಸೆಂಬರ್ 18ಕ್ಕೆ. ಇಲ್ಲಿವರೆಗೆ ನಂಬರ್ ಇರುವ ಮುಖ್ಯ ಆಟಗಳೇ ಹದಿನಾರು. ಬೇರೆ ಸರಣಿಗಳಲ್ಲಿ ಒಬ್ಬ ನಾಯಕ ಇರುತ್ತಾನೆ, ಇಲ್ಲ ಒಂದು ನಕ್ಷೆ ಇರುತ್ತೆ, ಹಿಡಿದುಕೊಳ್ಳೋಕೆ ಏನೋ ಒಂದು ಸಿಗುತ್ತೆ. ಇಲ್ಲಿ ಆಟ ಮುಗಿದರೆ ಆ ಪ್ರಪಂಚದ ಕಥೆಯೇ ಮುಗಿಯಿತು. ಮುಂದಿನ ನಂಬರಿಗೆ ಹೊಸ ಭೂಮಿ, ಹೊಸ ಆಕಾಶ.

ನನ್ನ ಕಥೆ ಹೇಳಿಬಿಡ್ತೀನಿ. ನಾನು ಶುರು ಮಾಡಿದ್ದು 8ನೇ ಆಟದಿಂದ, ದೊಡ್ಡಪ್ಪನ ಮಗನ ಕಂಪ್ಯೂಟರಲ್ಲಿ, ಸಿಡಿ ಬದಲಾಯಿಸಿ ಬದಲಾಯಿಸಿ. ಓದಿದ್ದು ಕನ್ನಡ ಮೀಡಿಯಂ. ಆ ಆಟದಲ್ಲಿ ಮಂತ್ರಗಳನ್ನು ನಮ್ಮ ಶಕ್ತಿಗೆ ಜೋಡಿಸೋದಕ್ಕೆ "ಜಂಕ್ಷನ್" ಅಂತಾರೆ. ಅರಸೀಕೆರೆ ಹುಡುಗನಿಗೆ ಜಂಕ್ಷನ್ ಅಂದರೆ ಒಂದೇ ಅರ್ಥ. ಮೂರು ದಿನ ಆ ಊರಿಗೆ ರೈಲು ಯಾವಾಗ ಬರುತ್ತೆ ಅಂತ ಕಾದಿದ್ದೇನೆ. ತಮಾಷೆ ಏನಂದ್ರೆ ಆಮೇಲೆ ಆಟದಲ್ಲಿ ನಿಜವಾಗಲೂ ರೈಲು ಬಂತು, ನಾನು ಅಂದುಕೊಂಡಿದ್ದೇ ಸರಿ ಅಂತ ಇನ್ನೊಂದು ವಾರ ಓಡಾಡಿದೆ.

ಈಗ ನಿಜ ಹೇಳ್ತೀನಿ, ಬೈಯಬೇಡಿ. 10ರ ನಂತರ ಯಾವುದೂ ನನಗೆ ಆ ಮಟ್ಟಕ್ಕೆ ಹಿಡಿಸಿಲ್ಲ. 13 ಅರ್ಧಕ್ಕೆ ಬಿಟ್ಟೆ. 15 ಮುಗಿಸಿ ಸಿಟ್ಟು ಮಾಡಿಕೊಂಡೆ, ಕಥೆಯ ಒಂದು ತುಂಡಿಗೆ ಬೇರೆ ಸಿನಿಮಾ ನೋಡಬೇಕು ಅಂದ್ರೆ ಏನರ್ಥ? ಆದ್ರೂ 16 ತಗೊಂಡೆ. 17 ಬಂದರೆ ಅದನ್ನೂ ತಗೋತೀನಿ. ಯಾಕೆ? ನಿಮಗೂ ಹೀಗೇನಾ?

ಮದ್ದಳೆ

ಜಂಕ್ಷನ್ ಅಣ್ಣಾ, ನಿಮ್ಮ ತಂಗಿಯ ಪ್ರಶ್ನೆಗೆ ನಮ್ಮ ಕಡೆ ಉತ್ತರ ಇದೆ ಮಾರಾಯ್ರೇ. ಯಕ್ಷಗಾನಕ್ಕೆ ಹೋಗುವವನನ್ನು "ನಿನ್ನೆ ನೋಡಿದ ಕಥೆಯ ಮುಂದಿನ ಭಾಗವಾ ಇವತ್ತು?" ಅಂತ ಯಾರಾದರೂ ಕೇಳುತ್ತಾರಾ? ಪ್ರಸಂಗ ಬೇರೆ, ಮೇಳ ಅದೇ. ಚೆಂಡೆ ಕೇಳಿದ ಕೂಡಲೇ ಗೊತ್ತಾಗುತ್ತದೆ, ಬಣ್ಣದ ವೇಷ ಬರುತ್ತದೆ, ಹಾಸ್ಯಗಾರ ಬರುತ್ತಾನೆ ಅಂತ.

ಸಿಡ್‌ನನ್ನೇ ನೋಡಿ. 2ನೇ ಆಟದಿಂದ ಪ್ರತಿ ಸಲ ಆ ಹೆಸರಿನವನು ಒಬ್ಬ ಇರುತ್ತಾನೆ. 4ರಲ್ಲಿ ಹಾರುವ ಹಡಗು ಕಟ್ಟುವ ಮುದುಕ. 7ರಲ್ಲಿ ಬಾಯಿ ತೆರೆದರೆ ಬೈಗುಳ, ಅತಿಥಿಗಳನ್ನು ಗದರಿಸಿ ಕೂರಿಸಿ ಟೀ ಕುಡಿಸುವ ಪೈಲಟ್. 8ರಲ್ಲಿ ಹೆಡ್‌ಮಾಸ್ಟರ್. 9ರಲ್ಲಿ ಹೆಂಡತಿ ಶಾಪದಿಂದ ಹುಳು ಆಗಿ, ಆಮೇಲೆ ಕಪ್ಪೆಯೂ ಆಗುವ ದೊರೆ. 12ರಲ್ಲಿ ಖಳ, ಅಲ್ಲಿಗೆ ನಾನು ನಿಜಕ್ಕೂ ಬೆಚ್ಚಿಬಿದ್ದಿದ್ದೆ, ಸಿಡ್ ಅಂದರೆ ನಮ್ಮವನು ಅಂತ ನಂಬಿ ಕೂತಿದ್ದೆನಲ್ಲ! 15ರಲ್ಲಿ ಮೊಮ್ಮಗಳ ಜೊತೆ ಗ್ಯಾರೇಜು ಇಟ್ಟುಕೊಂಡ ಅಜ್ಜ. ಹೊಸ ಆಟ ಶುರು ಮಾಡಿದ ಕೂಡಲೇ ನಾನು ಹುಡುಕುವುದು ಕಥೆಯನ್ನಲ್ಲ, ಈ ಸಲ ಸಿಡ್ ಯಾವ ವೇಷದಲ್ಲಿದ್ದಾನೆ ಅಂತ. ಈ ಆಟಗಳಲ್ಲಿ ಸವಾರಿಗೆ ಸಿಗುವ ಚೊಕೊಬೊ ಹಕ್ಕಿ ಕಂಡರಂತೂ ಮನೆಗೆ ಬಂದ ಹಾಗೆ.

ಹಳೇ_ಡಿಸ್ಕ್

ಚಂದ ಹೇಳಿದ್ರಿ. ಆದ್ರೆ ನಂಗೆ ಇದೆಲ್ಲ ಜಾಸ್ತಿ ಆಯ್ತು ಅನಿಸುತ್ತೆ. ಉತ್ತರ ಸರಳವಾಗಿದೆ. ಹದಿನಾಲ್ಕನೇ ವಯಸ್ಸಲ್ಲಿ ಆಡಿದ್ದು ತಲೆಯಿಂದ ಹೋಗಲ್ಲ, ಕಂಪನಿಗೆ ಅದು ಗೊತ್ತು, ಅದನ್ನೇ ಬೇರೆ ಬೇರೆ ಡಬ್ಬಿಯಲ್ಲಿ ತುಂಬಿ ಮಾರ್ತಾರೆ. ಹೊಸ ಪಿಎಸ್5 ಆಟಕ್ಕೆ ಐದು ಸಾವಿರದ ಹತ್ತಿರ ಕೊಡ್ತೀರಿ. ಒಂದೇ 7ನ್ನ ಹೊಸದಾಗಿ ಕಟ್ಟಿ, ಮೂರು ತುಂಡು ಮಾಡಿ ಮಾರ್ತಿದ್ದಾರೆ. ಮೊದಲನೇ ತುಂಡು 2020ರ ಏಪ್ರಿಲ್, ಎರಡನೇದು 2024ರ ಫೆಬ್ರವರಿ. 1997ರಲ್ಲಿ ಮೂರು ಸಿಡಿಯಲ್ಲಿ ಪೂರ್ತಿ ಕಥೆ ಸಿಕ್ಕಿತ್ತು ಸ್ವಾಮಿ.

ನೆನಪಿನ ವ್ಯಾಪಾರ. ಅಷ್ಟೇ.

ಉಚಿತ_ಟ್ರಯಲ್_ಗಿರಾಕಿ

ಹಳೇ ಡಿಸ್ಕ್ ಸರ್, ಹಾಗಾದ್ರೆ ನನ್ನಂಥವರನ್ನ ಎಲ್ಲಿಗೆ ಸೇರಿಸ್ತೀರಿ? ನಾನು ಹದಿನಾಲ್ಕನೇ ವಯಸ್ಸಲ್ಲಿ ಇದರ ಹೆಸರೂ ಕೇಳಿರಲಿಲ್ಲ. ನಮ್ಮನೇಲಿ ಇದ್ದಿದ್ದು ಅಪ್ಪನ ಆಫೀಸ್ ಲ್ಯಾಪ್‌ಟಾಪ್ ಒಂದೇ, ಅದರಲ್ಲಿ ಸಾಲಿಟೇರ್. ನಾನು ಶುರು ಮಾಡಿದ್ದು 2020ರ ಆಗಸ್ಟ್‌ನಲ್ಲಿ. ಕೆಲಸಕ್ಕೆ ಸೇರಿ ಆರು ತಿಂಗಳು, ಮನೆಯಿಂದಲೇ ಕೆಲಸ, ಮಾತಾಡೋಕೆ ಯಾರೂ ಇಲ್ಲ. ಆಗಲೇ, ಜನ ಆನ್‌ಲೈನಲ್ಲಿ ಒಟ್ಟಿಗೆ ಆಡೋ 14ರ ಉಚಿತ ಟ್ರಯಲ್‌ನ ದೊಡ್ಡದು ಮಾಡಿದ್ರು, 60ನೇ ಲೆವೆಲ್ ತನಕ, ಹೆವನ್ಸ್‌ವರ್ಡ್ ಅನ್ನೋ ಮುಂದಿನ ಭಾಗದ ಕಥೆ ಪೂರ್ತಿ ಸೇರಿ. ದುಡ್ಡಿಲ್ಲದೆ ಸಿಗೋದು ಅಂತ ಹಾಕಿಕೊಂಡೆ.

14ರ ಕಥೆ ನಿಮಗೆಲ್ಲ ಗೊತ್ತಿದೆಯೋ ಇಲ್ವೋ, ಆದ್ರೂ ಹೇಳ್ತೀನಿ, ಯಾಕಂದ್ರೆ ನನ್ನ ಉತ್ತರ ಅದರಲ್ಲೇ ಇದೆ. 2010ರ ಸೆಪ್ಟೆಂಬರಲ್ಲಿ ಮೊದಲು ಬಂದಾಗ ಅದು ಪೂರ್ತಿ ನೆಲಕಚ್ಚಿತು. ಅದೇ ಗುಡ್ಡ, ಅದೇ ದಾರಿ ಕಾಪಿ ಮಾಡಿ ಮಾಡಿ ಅಂಟಿಸಿದ್ದರು. ಒಂದು ಹೂಕುಂಡಕ್ಕೆ ಆಟಗಾರನ ಇಡೀ ಮೈಗೆ ಬೇಕಾಗುವಷ್ಟು ಪಾಲಿಗನ್, ಅಂದ್ರೆ ಚಿತ್ರ ಕಟ್ಟೋ ಚೂರುಗಳನ್ನ, ಸುರಿದಿದ್ದರು. ಇದನ್ನ ಆಮೇಲೆ ಅವರೇ ವೇದಿಕೆ ಮೇಲೆ ಒಪ್ಪಿಕೊಂಡರು. ಅದೇ ಡಿಸೆಂಬರಲ್ಲಿ ನಾವೊಕಿ ಯೊಶಿದಾ ಅನ್ನೋರ ಕೈಗೆ ಕೊಟ್ಟರು. ಬೇರೆ ಯಾರಾದ್ರೂ ಆಗಿದ್ರೆ ಬಾಗಿಲು ಹಾಕಿ ಹೋಗ್ತಿದ್ರು. ಇವರು ಒಂದು ಕಡೆ ಹಳೇದನ್ನ ರಿಪೇರಿ ಮಾಡ್ತಾ, ಇನ್ನೊಂದು ಕಡೆ ಹೊಸದಾಗಿ ಕಟ್ಟಿದರು. ಹಳೇ ಪ್ರಪಂಚವನ್ನ ಸುಮ್ನೆ ಅಳಿಸಲಿಲ್ಲ. ಆಕಾಶದಲ್ಲಿ ಒಂದು ಕೆಂಪು ಚಂದ್ರನನ್ನ ದಿನದಿನಕ್ಕೂ ಹತ್ತಿರ ತಂದರು. 2012ರ ನವೆಂಬರ್ 11ಕ್ಕೆ ಸರ್ವರ್ ನಿಂತಾಗ ಆ ಚಂದ್ರ ಒಡೆದು, ಒಳಗಿಂದ ಬಹಾಮುಟ್ ಅನ್ನೋ ಡ್ರ್ಯಾಗನ್ ಹೊರಗೆ ಬಂದು ಊರು ಸುಟ್ಟಿತು. 2013ರ ಆಗಸ್ಟಲ್ಲಿ ಮತ್ತೆ ತೆರೆದಾಗ ಹಳಬರ ಪಾತ್ರಗಳು ಆ ಬೆಂಕಿಯಿಂದ ಉಳಿದು ಬಂದವರು. ಸೋತಿದ್ದನ್ನೇ ಕಥೆ ಮಾಡಿಬಿಟ್ಟರು! ನಾನು ಆ ವಿಡಿಯೋ ನೋಡಿದ್ದು ಹತ್ತು ವರ್ಷ ತಡವಾಗಿ, ಆದ್ರೂ ಅತ್ತೆ.

2021ರಲ್ಲಿ ಬರ್ಸರ್ಕ್ ಅನ್ನೋ ಮಾಂಗಾ (ಜಪಾನಿ ಕಾಮಿಕ್ಸ್) ಬರೆದ ಕೆಂಟಾರೊ ಮಿಉರಾ ತೀರಿಕೊಂಡ ಸುದ್ದಿ ಬಂತು. 14ರಲ್ಲಿ ಡಾರ್ಕ್ ನೈಟ್ ಅಂತ ದೊಡ್ಡ ಕತ್ತಿ ಹೊರುವ ವೃತ್ತಿ ಇದೆ, ಅವರ ನಾಯಕನ ನೆರಳು ಅದರ ಮೇಲೆ ಎದ್ದು ಕಾಣುತ್ತೆ. ಆ ಸಂಜೆ ನಮ್ಮ ಸರ್ವರಲ್ಲಿ ರಸ್ತೆಯ ಎರಡೂ ಬದಿ ಡಾರ್ಕ್ ನೈಟ್‌ಗಳು ಸಾಲಾಗಿ ನಿಂತರು. ಯಾರೂ ಕರೆದಿರಲಿಲ್ಲ. ನಾನು ಅವಾಗ ವೈಟ್ ಮೇಜ್, ಅಂದ್ರೆ ಗಾಯ ವಾಸಿ ಮಾಡೋಳು, ಕೈಯಲ್ಲಿ ಬರೀ ಕೋಲು. ಆದ್ರೂ ಒಂದು ಮೂಲೇಲಿ ಹೋಗಿ ನಿಂತೆ. ಭಾರತದಲ್ಲಿ ಸರ್ವರ್ ಇಲ್ಲ, ನನ್ನ ಮನೆ ಇಂಟರ್ನೆಟ್ ಆವಾಗಾವಾಗ ಕೈ ಕೊಡುತ್ತೆ, ಎರಡು ಸಲ ಕಡಿದು ಹೋಯ್ತು, ಎರಡು ಸಲವೂ ವಾಪಸ್ ಬಂದು ಅದೇ ಜಾಗದಲ್ಲಿ ನಿಂತೆ. ಇದರಲ್ಲಿ ಹಳೇ ನೆನಪು ಎಲ್ಲಿಂದ ಬಂತು ಹೇಳಿ?

ಹಳೇ_ಡಿಸ್ಕ್

ಸರಿಯಮ್ಮಾ, ಒಪ್ಪಿದೆ. ಆದ್ರೆ ಅದು ಜನರ ಗುಣ, ಆಟದ್ದಲ್ಲ. ಜನ ಸೇರೋ ಯಾವ ಆನ್‌ಲೈನ್ ಆಟದಲ್ಲೂ ಹೀಗೆ ಆಗುತ್ತೆ.

ಉಚಿತ_ಟ್ರಯಲ್_ಗಿರಾಕಿ

ಇರಬಹುದು ಸರ್. ಆದ್ರೆ ಜನ ಸೇರೋ ಜಾಗವನ್ನ ಯಾರೋ ಕಟ್ಟಿರ್ತಾರಲ್ವಾ. ಬೇಜಾರಾದ್ರೆ ಸಬ್‌ಸ್ಕ್ರಿಪ್ಷನ್ ನಿಲ್ಲಿಸಿ ಬೇರೆ ಆಟ ಆಡಿ, ಹೊಸದು ಬಂದಾಗ ವಾಪಸ್ ಬನ್ನಿ ಅಂತ ಯೊಶಿದಾ ಅವರೇ ಹೇಳ್ತಾರೆ. ಅಂಗಡಿಯವನೇ ಬೇರೆ ಅಂಗಡಿಗೂ ಹೋಗಿ ಬನ್ನಿ ಅಂದ್ರೆ ನಾವು ಅವನ ಅಂಗಡಿಗೇ ಹೋಗ್ತೀವಿ. 2021ರ ಡಿಸೆಂಬರಲ್ಲಿ ಎಂಡ್‌ವಾಕರ್ ಅನ್ನೋ ಹೊಸ ಭಾಗ ಬಂದಾಗ ಜನ ಎಷ್ಟು ಜಾಸ್ತಿ ಆದ್ರು ಅಂದ್ರೆ, ಕ್ಯೂ ತಡೆಯೋಕಾಗದೆ ಆಟದ ಮಾರಾಟವನ್ನೇ ಸ್ವಲ್ಪ ದಿನ ನಿಲ್ಲಿಸಿದ್ರು.

ಸಿಡಿಲು_200

ನನ್ನ ಹೆಸರು ನೋಡಿದ್ರೇ ಗೊತ್ತಾಗುತ್ತೆ ಯಾವ ನಂಬರಿನವನು ಅಂತ. 10ರಲ್ಲಿ ಸಿಡಿಲು ಬೀಳುವ ಬಯಲು ಒಂದಿದೆ. ಒಂದೂ ತಾಗದ ಹಾಗೆ ಇನ್ನೂರು ಸಿಡಿಲು ತಪ್ಪಿಸಿಕೊಂಡರೆ ಲುಲು ಅನ್ನೋ ಪಾತ್ರದ ಆಯುಧಕ್ಕೆ ಬೇಕಾದ ಒಂದು ವಸ್ತು ಸಿಗುತ್ತೆ. 187ಕ್ಕೆ ಅಮ್ಮ "ಊಟಕ್ಕೆ ಬಾರೋ" ಅಂದ್ರು, ತಿರುಗಿ ನೋಡಿದೆ, ಮುಗೀತು. ಮತ್ತೆ ಒಂದರಿಂದ. ನನ್ನ ತಂಡದಲ್ಲಿ ಲುಲುವನ್ನ ನಾನು ಬಳಸ್ತಾನೇ ಇರಲಿಲ್ಲ ಅನ್ನೋದು ಬೇರೆ ಮಾತು.

ಆದ್ರೆ ಹೇಳಬೇಕಾಗಿದ್ದು ಇದಲ್ಲ. 10ರ ನಾಯಕ ಟೀಡಸ್ ನಗುವ ಆ ದೃಶ್ಯ ಎಲ್ಲರಿಗೂ ಗೊತ್ತು, ಹಾ ಹಾ ಹಾ ಅಂತ ವಿಕಾರವಾಗಿ ನಗ್ತಾನೆ, ಇಂಟರ್ನೆಟ್ ತುಂಬ ಅದನ್ನೇ ಹಾಕಿ ಆಡಿಕೊಳ್ತಾರೆ. ಹತ್ತು ಸೆಕೆಂಡಿನ ತುಂಡು ನೋಡಿದವರಿಗೆ ಅದು ಕೆಟ್ಟ ನಟನೆ. ಆಟ ಆಡಿದವರಿಗೆ ಗೊತ್ತು, ಅದು ಬೇಕಂತಲೇ ಸುಳ್ಳು ನಗು. ಯಾತ್ರೆ ಹೊರಟಿರೋ ಯೂನಾ ಅವನಿಗೆ ಹೇಳಿಕೊಡ್ತಿದ್ದಾಳೆ, ದುಃಖ ಆದಾಗ ಬಲವಂತವಾಗಿ ನಗೋದು ಹೇಗೆ ಅಂತ. ಅವಳು ಯಾಕೆ ಅದನ್ನ ಅಭ್ಯಾಸ ಮಾಡಿಕೊಂಡಿದ್ದಾಳೆ ಅನ್ನೋದು ನಮಗೆ ತುಂಬ ಆಮೇಲೆ ಗೊತ್ತಾಗುತ್ತೆ: ಈ ಯಾತ್ರೆಯ ಕೊನೆಗೆ ತಾನು ಸಾಯ್ತೀನಿ ಅಂತ ಅವಳಿಗೆ ಗೊತ್ತು, ಜೊತೆಗಿರುವ ಎಲ್ಲರಿಗೂ ಗೊತ್ತು, ಗೊತ್ತಿಲ್ಲದವನು ನಗ್ತಿರೋ ಇವನೊಬ್ಬನೇ. ಆಮೇಲೆ ವಾಪಸ್ ಬಂದು ಆ ದೃಶ್ಯ ನೋಡಿ. ನಗು ಬರಲ್ಲ.

ಅಭಿಮಾನಿ ಅಂದ್ರೆ ಇಷ್ಟೇ ನನ್ನ ಪ್ರಕಾರ. ಹೊರಗಿನವರು ನಗೋ ಜಾಗದಲ್ಲಿ ನಗೋಕಾಗದೆ ಕೂತಿರೋನು.

ಸರಳೆ_ವರಸೆ

ಯಾರೂ ಸಂಗೀತದ ಮಾತೇ ಎತ್ತಲಿಲ್ಲವಲ್ಲ! ನಾನು ಆಟ ಆಡೋದು ಕಡಿಮೆ. ಯಜಮಾನರು ಆಡ್ತಾರೆ, ನಾನು ಪಕ್ಕದ ಕೋಣೆಯಲ್ಲಿ ಮಕ್ಕಳಿಗೆ ಪಾಠ ಹೇಳ್ತಿರ್ತೀನಿ. ಒಂದಿನ ಆಚೆಯಿಂದ ಸ್ವರ ಕೇಳಿಸಿತು, ಮೇಲೆ ಹತ್ತುತ್ತೆ, ಕೆಳಗೆ ಇಳಿಯುತ್ತೆ, ಮತ್ತೆ ಹತ್ತುತ್ತೆ. ನೀವೂ ಮಕ್ಕಳಿಗೆ ಹೇಳಿಕೊಡೋಕೆ ಶುರು ಮಾಡಿದ್ರಾ ಅಂತ ಕೇಳಿದೆ. ಅದು ಪ್ರೆಲ್ಯೂಡ್ ಅಂತೆ, ಮೊದಲ ಆಟದಿಂದಲೂ ಇದೆಯಂತೆ. ಅದನ್ನ ಮಾಡಿದ ನೊಬುವೊ ಉಎಮಾತ್ಸು ಯಾರ ಹತ್ತಿರವೂ ಕ್ರಮವಾಗಿ ಕಲಿತವರಲ್ಲ ಅಂತ ಆಮೇಲೆ ಓದಿದೆ. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

7ರಲ್ಲಿ ನಾಯಕನ ಜೊತೆಗಾರ್ತಿ ಏರಿತ್ ಸಾಯುವ ಜಾಗದ ಬಗ್ಗೆ ಎಲ್ಲರೂ ಮಾತಾಡ್ತಾರೆ, ಅವಳನ್ನ ಕೊಲ್ಲುವ ಸೆಫಿರಾತ್, ಕತ್ತಿ, ಅದು ಇದು. ನನಗೆ ಹಿಡಿಸಿದ್ದು ಅದರ ಮರುಕ್ಷಣ. ತಕ್ಷಣ ಒಂದು ಯುದ್ಧ ಶುರುವಾಗುತ್ತೆ. ರೂಢಿಯಂತೆ ಢಣಢಣ ಅಂತ ಯುದ್ಧದ ಸಂಗೀತ ಬರಬೇಕು. ಬರೋದಿಲ್ಲ. ಅವಳ ರಾಗವೇ ಮುಂದುವರೆಯುತ್ತೆ. ಕೈ ಹೊಡೆದಾಡ್ತಿದೆ, ಕಿವಿಗೆ ಮಾತ್ರ ಅವಳು. ಯಜಮಾನರು ಆ ಹೊತ್ತಿಗೆ ಪ್ಲೇಟ್ ಕೆಳಗಿಟ್ಟಿದ್ದು ನನಗೆ ನೆನಪಿದೆ. ಅವರು ಪ್ಲೇಟ್ ಕೆಳಗಿಡೋರಲ್ಲ.

2021ರ ಜುಲೈ, ಟೋಕಿಯೊ ಒಲಿಂಪಿಕ್ಸ್ ಉದ್ಘಾಟನೆ ಟಿವಿಯಲ್ಲಿ ಬರ್ತಿತ್ತು. ಆಟಗಾರರ ಮೆರವಣಿಗೆಗೆ ವಿಡಿಯೋ ಗೇಮ್ ಸಂಗೀತ ಹಾಕಿದ್ದರು, ಮಧ್ಯೆ ಫೈನಲ್ ಫ್ಯಾಂಟಸಿಯ ಗೆಲುವಿನ ತುತ್ತೂರಿಯೂ ಬಂತು. ನಮ್ಮ ಮನೆಯಲ್ಲಿ ಒಬ್ಬರು ಸೋಫಾದಿಂದ ಎದ್ದು ನಿಂತುಬಿಟ್ಟರು.

ಮದ್ದಳೆ

ಅಕ್ಕಾ, ಆ ಯಜಮಾನರನ್ನು ಇಲ್ಲಿಗೆ ಕರೆದು ತನ್ನಿ.

ಸರಳೆ_ವರಸೆ

ಅವರು ಇಲ್ಲೇ ಇದ್ದಾರೆ, ಇನ್ನೊಂದು ಹೆಸರಲ್ಲಿ. ಬೆಳಗ್ಗೆಯಿಂದ "ನೆನಪಿನ ವ್ಯಾಪಾರ" ಅಂತ ಬರೀತಿದ್ದಾರೆ.

ಸಿಡಿಲು_200

ಅಯ್ಯೋ 😂😂 ಹಳೇ ಡಿಸ್ಕ್ ಸರ್ ಹೊರಗೆ ಬನ್ನಿ

ಹಳೇ_ಡಿಸ್ಕ್

ಮನೆ ಮಾತು ಬೀದಿಗೆ ತಂದಿದ್ದಾಳೆ. ಹೌದು, ಎದ್ದು ನಿಂತೆ. ಅದಕ್ಕೇ ಸಿಟ್ಟು ಬರೋದು. ಹಿಡಿಸದೆ ಇದ್ದಿದ್ರೆ ಮೂರು ತುಂಡು ಮಾಡಿ ಮಾರಿದ್ರೆ ನನಗೇನು? ನನ್ನ ದೂರು ದುಡ್ಡಿಂದಲ್ಲ, ನಿಜ ಹೇಳ್ತೀನಿ. 7 ಮುಗಿದಿತ್ತು. ಏರಿತ್ ಸತ್ತಿದ್ದಳು. ಬದುಕಿಸೋಕೆ ಏನಾದ್ರೂ ಗುಟ್ಟು ಇದೆಯಾ ಅಂತ ಹುಡುಗರೆಲ್ಲ ವರ್ಷಗಟ್ಟಲೆ ಹುಡುಕಿ, ಇಲ್ಲ ಅಂತ ಗೊತ್ತಾಗಿ, ಸುಮ್ನಾಗಿದ್ವಿ. ಈಗ ಹೊಸ 7ರಲ್ಲಿ "ವಿಧಿ ಬದಲಾಗಬಹುದು" ಅಂತ ಹೇಳಿ ಮತ್ತೆ ಆ ಗಾಯಕ್ಕೆ ಕೈ ಹಾಕಿದ್ದಾರೆ. ಅದು ನನಗೆ ಆಗಿಬರಲಿಲ್ಲ. ಅದ್ಭುತವಾಗಿ ಮಾಡಿದ್ದಾರೆ, ಎರಡೂ ಭಾಗ ಮುಗಿಸಿದ್ದೇನೆ, ಆದ್ರೂ ಆಗಿಬರಲಿಲ್ಲ.

ಅರಸೀಕೆರೆ_ಜಂಕ್ಷನ್

ಹಳೇ ಡಿಸ್ಕ್ ಸರ್, ನಿಮಗೆ ಗೊತ್ತಿಲ್ಲದೆ ನನ್ನ ಪ್ರಶ್ನೆಗೆ ಉತ್ತರ ಕೊಟ್ಟುಬಿಟ್ರಿ.

ನೋಡಿ, 13 ನನಗೆ ಹಿಡಿಸಲಿಲ್ಲ. ಆಸ್ಪತ್ರೆ ಕಾರಿಡಾರ್ ಥರ ಮುಂದೆ ಮುಂದೆ ನಡೀತಾ ಇರಬೇಕು, ಹನ್ನೊಂದನೇ ಅಧ್ಯಾಯಕ್ಕೆ ಬಂದ ಮೇಲೆ ಒಂದು ಬಯಲು ಕಾಣುತ್ತೆ, ಅಷ್ಟರಲ್ಲಿ ನಾನು ಮನೆಗೆ ಹೋಗಿದ್ದೆ. ಆದ್ರೆ ಅದರಿಂದ ನನ್ನ 8ಕ್ಕೆ ಏನೂ ಆಗಲಿಲ್ಲ. ಅದರ ನಾಯಕ ಸ್ಕ್ವಾಲ್ ಅಲ್ಲೇ ಇದ್ದಾನೆ, ಮುಖ ಊದಿಸಿಕೊಂಡು. ಅವನ ಶಾಲೆ ಬಾಲಾಂಬ್ ಗಾರ್ಡನ್ ಅಲ್ಲೇ ಇದೆ, ಹುಡುಗರು ಅಲ್ಲೇ ಇಸ್ಪೀಟಿನ ಹಾಗೆ ಟ್ರಿಪಲ್ ಟ್ರಯಾಡ್ ಆಡ್ತಿದ್ದಾರೆ. ಬೇರೆ ಸರಣಿಯಲ್ಲಿ ಐದನೇ ಭಾಗ ಕೆಟ್ಟರೆ ಮೊದಲ ನಾಲ್ಕಕ್ಕೂ ಮಸಿ ಬೀಳುತ್ತೆ, ಆ ನಾಯಕನ ಮುಖ ನೋಡೋಕೂ ಬೇಜಾರಾಗುತ್ತೆ. ಇಲ್ಲಿ ಪ್ರತಿ ಮನೆಗೂ ಬೇರೆ ಗೋಡೆ. ಒಂದು ಮನೆಗೆ ಬೆಂಕಿ ಬಿದ್ರೆ ಪಕ್ಕದ್ದು ಸುಡಲ್ಲ.

ಆದ್ದರಿಂದ ಮುಂದಿನ ಸಲ ಮತ್ತೆ ಆಸೆಯಿಂದ ಹೋಗಬಹುದು. ಹಳೇ ಲೆಕ್ಕ ಏನೂ ಬಾಕಿ ಇರಲ್ಲ. 13ಕ್ಕೆ ಬೈದವನು 15ಕ್ಕೆ ಹೊಸ ಮದುಮಗನ ಹಾಗೆ ಹೋಗಿ ಕೂರ್ತಾನೆ. ನಾನೂ ಹೋಗಿದ್ದೆ. ಸಿಟ್ಟು ಮಾಡಿಕೊಂಡೆ ಅಂದೆನಲ್ಲ, ಅದರಲ್ಲೂ ನಾಲ್ಕು ಗೆಳೆಯರು ಕಾರಲ್ಲಿ ಸುತ್ತೋದು, ರಾತ್ರಿ ಟೆಂಟ್ ಹಾಕಿ ಇಗ್ನಿಸ್ ಅಡುಗೆ ಮಾಡೋದು, ಪ್ರಾಂಪ್ಟೊ ತೆಗೆದ ಫೋಟೋ ನೋಡೋದು ಚೆನ್ನಾಗಿತ್ತು. ಕೊನೆಗೆ ಆ ಫೋಟೋಗಳಲ್ಲಿ ಒಂದನ್ನ ಮಾತ್ರ ಜೊತೆಗೆ ತಗೊಂಡು ಹೋಗು ಅಂತಾರೆ. ನಾನು ಒಂದು ಗಂಟೆ ಕೂತು ಆರಿಸಿದ್ದೇನೆ, ಆರಿಸಿದ್ದು ಯಾರ ಮುಖವೂ ಸರಿಯಾಗಿ ಕಾಣದ ಮಸುಕು ಫೋಟೋ.

7ರ ವಿಷಯದಲ್ಲಿ ಮಾತ್ರ ಅವರು ಹಳೇ ಮನೆಯ ಗೋಡೆಯನ್ನೇ ಒಡೆದರು. 2003ರಲ್ಲಿ 10ಕ್ಕೆ ಮುಂದಿನ ಭಾಗ ಅಂತ 10-2 ತಂದಾಗಲೂ ಇದೇ ಗಲಾಟೆ ಆಗಿತ್ತು ನೆನಪಿದೆಯಾ, ಯೂನಾ ಹಾಡಿ ಕುಣಿಯೋದು ನೋಡಿ ಜನ ಎಷ್ಟು ಬೈದರು. ಕೆಟ್ಟದು ಅಂತಲ್ಲ, ಮುಗಿದದ್ದನ್ನ ಮುಟ್ಟಿದರು ಅಂತ.

ಸಿಡಿಲು_200

10-2ರಲ್ಲಿ ಯುದ್ಧದ ವ್ಯವಸ್ಥೆ ಸರಣಿಯಲ್ಲೇ ಒಳ್ಳೇದು. ಇದನ್ನ ಹೇಳಿ ಓಡಿಹೋಗ್ತೀನಿ.

ಉಚಿತ_ಟ್ರಯಲ್_ಗಿರಾಕಿ

ಜಂಕ್ಷನ್ ಅಣ್ಣಾ, ಒಂದು ಚಿಕ್ಕ ತಕರಾರು. ಹಾಗಂದ್ರೆ 14 ನಿಮ್ಮ ಲೆಕ್ಕಕ್ಕೆ ಬರಲ್ಲ. ಅಲ್ಲಿ ಗೋಡೆ ಇಲ್ಲ, ಒಂದೇ ಮನೆಗೆ ವರ್ಷ ವರ್ಷ ಕೋಣೆ ಸೇರಿಸ್ತಾ ಹೋಗ್ತಾರೆ. 11 ಕೂಡ ಹಾಗೇ, 2002ರಲ್ಲಿ ಶುರುವಾಗಿದ್ದು ಇನ್ನೂ ನಡೀತಿದೆ.

ಅರಸೀಕೆರೆ_ಜಂಕ್ಷನ್

ಹೌದು, ಅದು ಬರಲ್ಲ. ನಿಮ್ಮದು ಬೇರೆ ಥರದ ಅಂಟು ಇರಬೇಕು. ಊರಲ್ಲೇ ಉಳಿದವರಿಗೂ ಪ್ರತಿ ವರ್ಷ ವರ್ಗಾವಣೆ ಆಗೋರಿಗೂ ಇರುವ ವ್ಯತ್ಯಾಸ. ನಮ್ಮಪ್ಪ ರೈಲ್ವೇಲಿ ಇದ್ದಿದ್ದರಿಂದ ನಾನು ಎರಡನೇ ಜಾತಿ.

ಮೈಸೂರು_ಮೂಗಲ್

ಇಷ್ಟು ಹೊತ್ತು ಓದ್ತಿದ್ದೆ, ಯಾರೂ 9ರ ಹೆಸರು ಸರಿಯಾಗಿ ಎತ್ತಲಿಲ್ಲ, ಆ ಹುಳು ಸಿಡ್ ಬಿಟ್ಟರೆ. ನಾಚಿಕೆಯಾಗಬೇಕು ನಿಮಗೆಲ್ಲ.

ವಿವಿ ಅಂತ ಒಬ್ಬ ಹುಡುಗ. ದೊಡ್ಡ ಟೋಪಿ, ಮುಖವೇ ಕಾಣಲ್ಲ, ಎರಡು ಹಳದಿ ಕಣ್ಣು ಮಾತ್ರ. ಯುದ್ಧಕ್ಕೆ ಅಂತ ತಯಾರಿಸಿದ ಗೊಂಬೆಗಳಲ್ಲಿ ತಾನೂ ಒಬ್ಬ ಅಂತ ಅವನಿಗೆ ನಿಧಾನಕ್ಕೆ ಗೊತ್ತಾಗುತ್ತೆ. ಅವನಂಥವರು ಕಾಡಿನೊಳಗೆ ಅಡಗಿ ಒಂದು ಹಳ್ಳಿ ಮಾಡಿಕೊಂಡಿರ್ತಾರೆ, ಹೆಸರಿಲ್ಲ, ನಂಬರ್ ಅಷ್ಟೇ. ಅಲ್ಲಿ ಒಬ್ಬ ಹೇಳ್ತಾನೆ, ನಮ್ಮಲ್ಲಿ ಕೆಲವರು ಇದ್ದಕ್ಕಿದ್ದ ಹಾಗೆ ನಿಂತುಹೋದರು, ಅವರನ್ನ ಮಣ್ಣಲ್ಲಿ ಹೂತೆವು ಅಂತ. ಸಾವು ಅನ್ನೋ ಪದ ಅವರಿಗೆ ಇನ್ನೂ ರೂಢಿಯಾಗಿಲ್ಲ. ಸುಮಾರು ಒಂದು ವರ್ಷ ಅಷ್ಟೇ ಅವರ ಆಯಸ್ಸು. ನಾನು ಅದನ್ನ ಆಡಿದ್ದು ಅಜ್ಜಿ ಹೋದ ವರ್ಷ. ಮನೆಯಲ್ಲಿ ದೊಡ್ಡವರೆಲ್ಲ "ದೇವರ ಹತ್ತಿರ ಹೋದರು" ಅಂತಿದ್ದರು. "ನಿಂತುಹೋದರು" ಅನ್ನೋದೇ ನನಗೆ ಸರಿಯಾಗಿ ಅರ್ಥ ಆಗಿದ್ದು.

ಇದಕ್ಕಿಂತ ಜಾಸ್ತಿ ಬರೆಯೋಕೆ ಬರಲ್ಲ. 9 ಒಳ್ಳೇದು, ಮಿಕ್ಕಿದ್ದೆಲ್ಲ ಆಮೇಲೆ.

ಹೊಸಬ_ಹಾಸನ

ಎಲ್ಲ ಓದಿದೆ. ಇಲ್ಲಿವರೆಗೆ ಒಂದೂ ಆಡಿಲ್ಲ. ಯಾವುದರಿಂದ ಶುರು ಮಾಡಲಿ?

ಸಿಡಿಲು_200

10

ಹಳೇ_ಡಿಸ್ಕ್

ಹಳೇ 7. ಹೊಸದು ಆಮೇಲೆ. ಮೊದಲು ಹಳೇದು.

ಉಚಿತ_ಟ್ರಯಲ್_ಗಿರಾಕಿ

14, ದುಡ್ಡೇ ಬೇಡ. ಈಗ ಟ್ರಯಲ್ 70ನೇ ಲೆವೆಲ್ ತನಕ ಇದೆ. ಬಂದ್ರೆ ಹೇಳಿ, ನಾನೇ ಕರ್ಕೊಂಡು ಹೋಗ್ತೀನಿ.

ಮದ್ದಳೆ

6. ಚಿತ್ರ ಹಳೆಯದು ಅಂತ ಹೆದರಬೇಡಿ. ಅದರಲ್ಲಿ ಒಂದು ನಾಟಕದ ಪ್ರಸಂಗ ಇದೆ, ನೀವೇ ಹಾಡಿನ ಸಾಲು ಆರಿಸಬೇಕು.

ಅರಸೀಕೆರೆ_ಜಂಕ್ಷನ್

8 ಅಂತ ಹೇಳಿದ್ರೆ ಎಲ್ಲರೂ ಹೊಡೀತಾರೆ. 8.

ಮೈಸೂರು_ಮೂಗಲ್

ನಾನು ಈಗಾಗಲೇ ಹೇಳಿಯಾಗಿದೆ.

ಹೊಸಬ_ಹಾಸನ

ಸರಿ, ಕೊನೆಗೆ 9 ಹಾಕಿಕೊಂಡೆ, ಫೋನಲ್ಲಿ. ಆ ಟೋಪಿ ಹುಡುಗ ಟಿಕೆಟ್ ಹಿಡಿದುಕೊಂಡು ನಾಟಕ ನೋಡೋಕೆ ಅಂತ ಊರಿಗೆ ಬಂದ. ಟಿಕೆಟ್ ನಕಲಿ ಅಂತೆ, ಒಳಗೆ ಬಿಡಲಿಲ್ಲ. ಪಾಪ ಅನಿಸಿತು. ಆಮೇಲೆ ಅಲ್ಲಿ ಎರಡು ಹುಡುಗಿಯರು ಹಗ್ಗ ತಿರುಗಿಸ್ತಿದ್ರು, ಸುಮ್ನೆ ಜಿಗಿಯೋಣ ಅಂತ ಶುರು ಮಾಡಿದೆ. ಈಗ ರಾತ್ರಿ ಒಂದೂವರೆ.

ಮೈಸೂರು_ಮೂಗಲ್

ಎಷ್ಟಾಯ್ತು?

ಹೊಸಬ_ಹಾಸನ

ನಲವತ್ತೇಳು.

ಮೈಸೂರು_ಮೂಗಲ್

ಸಾವಿರ ಆಗಬೇಕು.